ಮೇಣ ಹಾಕಿಸಿದ ಗಿಟಾರ್

ಮೀಟರಪ್ಪನ ಕೈಗೆ ಸಿಕ್ಕ ಯಾವ ವಸ್ತುವೂ ಸರಿಹೋಗದೆ ಉಳಿದದ್ದಿಲ್ಲ. ಸರಿಹೋದ ಮೇಲೆ ಅದು ಕೆಲಸಕ್ಕೆ ಬಂದದ್ದು ಮಾತ್ರ ಅಪರೂಪ. ಹಾಗೆಂದು ಅವನನ್ನು ದೂರುವಂತಿಲ್ಲ. ಅವನಿದ್ದದ್ದು ವಿದ್ಯುತ್ ಕಚೇರಿಯ ಮೀಟರ್ ಪರೀಕ್ಷಾ ಕೊಠಡಿಯಲ್ಲಿ. ಗೋಡೆಯುದ್ದಕ್ಕೂ ಸಾಲಾಗಿ ನೇತುಹಾಕಿದ ಮೀಟರುಗಳ ಮುಂದೆ ಕುಳಿತು, ಯಾವುದು ಓಡುತ್ತಿದೆ, ಯಾವುದು ಕುಂಟುತ್ತಿದೆ ಎಂದು ನೋಡಿ, ತಪ್ಪನ್ನು ತಿದ್ದಿ, ತಿದ್ದಿದ್ದರ ಮೇಲೆ ಸೀಸದ ಮುದ್ರೆ ಒತ್ತುವುದು ಅವನ ಕೆಲಸ. ವರ್ಷಗಟ್ಟಲೆ ಇದನ್ನೇ ಮಾಡಿದವನಿಗೆ ಲೋಕದಲ್ಲಿ ಎರಡೇ ಬಗೆಯ ವಸ್ತುಗಳಿವೆ ಎಂಬ ನಂಬಿಕೆ ಬಂದುಬಿಟ್ಟಿತ್ತು: ದೋಷ ಇರುವವು, ಮತ್ತು ತಾನು ಆಗಲೇ ನೋಡಿ ಮುಗಿಸಿದವು. ತಂದೆತಾಯಿ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಬೀದಿಗೆಲ್ಲ ಅವನು ಮೀಟರಪ್ಪ.

ಇಂಥವನಿಗೆ ಗಿಟಾರಿನ ಹುಚ್ಚು ಹಿಡಿದದ್ದು ಒಂದು ಸಣ್ಣ ಸುಳ್ಳಿನಿಂದ. ಪಕ್ಕದ ಮೇಜಿನ ಸಹೋದ್ಯೋಗಿಗೆ ಎಲ್ಲ ವಿಷಯದಲ್ಲೂ ತಿಳಿವಳಿಕೆ ಹೆಚ್ಚು. ಅದಕ್ಕೇ ಕಚೇರಿಯವರು ಅವನನ್ನು ಪಂಡಿತ ಎನ್ನುತ್ತಿದ್ದರು. ಪಂಡಿತ ಒಂದು ಮಧ್ಯಾಹ್ನ ಊಟದ ಡಬ್ಬಿಗೆ ಮೊಬೈಲು ಒರಗಿಸಿಕೊಂಡು ಯಾರೋ ಗಿಟಾರ್ ನುಡಿಸುವುದನ್ನು ನೋಡುತ್ತಿದ್ದ. ಮೀಟರಪ್ಪ ಬಗ್ಗಿ ನೋಡಿ, "ಕಾಲೇಜಲ್ಲಿ ನಾನೂ ಇದ್ದೆ ಕಣಯ್ಯ, ಬ್ಯಾಂಡಲ್ಲಿ," ಎಂದ. ಇದ್ದದ್ದು ನಿಜ. ವೇದಿಕೆಯ ಹಿಂದೆ ಎಕ್ಸ್‌ಟೆನ್ಷನ್ ಬೋರ್ಡಿನ ಪ್ಲಗ್ಗು ಕಳಚದಂತೆ ಹಿಡಿದುಕೊಂಡು ನಿಂತಿದ್ದ.

"ಹಾಗಾದ್ರೆ ಈಗ್ಯಾಕೆ ಬಿಟ್ಟೆ ಗುರು? ಒಂದು ತಗೊಂಡುಬಿಡು," ಎಂದ ಪಂಡಿತ.

ಆ ವಾರವೇ ಮೀಟರಪ್ಪ ತಗೊಂಡುಬಿಟ್ಟ. ಅದು ಹಳೇ ಕಾಲದ ಮಾದರಿಯಲ್ಲಿ ಹೊಸದಾಗಿ ತಯಾರಾದ ಎಲೆಕ್ಟ್ರಿಕ್ ಗಿಟಾರ್. ಮೈಗೆ ಹಳದಿಗಟ್ಟಿದ ಕೆನೆಯ ಬಣ್ಣ, ಹೊಟ್ಟೆಯ ಮೇಲೆ ಆಮೆಚಿಪ್ಪಿನ ಚುಕ್ಕಿಯ ತಗಡು, ಅಜ್ಜನ ರೇಡಿಯೋದಿಂದ ಕಿತ್ತು ತಂದಂಥ ಗುಂಡಿಗಳು. ಜೊತೆಗೆ ಸದ್ದು ಹೊರಡಿಸುವ ಆಂಪ್ಲಿಫೈಯರ್ ಪೆಟ್ಟಿಗೆ. ಅದರೊಳಗೆ ಪ್ರತಿಧ್ವನಿ ಕೊಡುವ ಸ್ಪ್ರಿಂಗು. ಅಂಗಡಿಯವನು ಪ್ರಾಮಾಣಿಕ ಮನುಷ್ಯ. "ಇದು ಅಗ್ಗದ್ದು ಅಂತ ನೋಡೋರಿಗೆ ಗೊತ್ತಾಗಲ್ಲ ಸಾರ್. ಕೇಳೋರಿಗೆ ಗೊತ್ತಾಗಬಹುದು. ಅದನ್ನ ಆಮೇಲೆ ಒಂದೊಂದಾಗಿ ಸರಿಮಾಡ್ಕೋಬಹುದು," ಎಂದ.

ಸರಿಮಾಡಿಕೊಳ್ಳಬಹುದು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮೀಟರಪ್ಪ ಜೇಬಿಗೆ ಕೈಹಾಕಿದ್ದ.

ಮನೆಯಲ್ಲಿ ಇದ್ದವರು ಮೂವರು. ಅವನು, ಕಣ್ಣಾಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಕೆಲಸ ಮಾಡುವ ಹೆಂಡತಿ, ಹೆಂಡತಿಯ ತಂದೆ. ಮಾವ ಕೋರ್ಟಿನಲ್ಲಿ ದಫೇದಾರರಾಗಿದ್ದವರು. ಬಾಗಿಲಲ್ಲಿ ನಿಂತು ವಾದಿ ಪ್ರತಿವಾದಿಗಳ ಹೆಸರನ್ನು ಮೂರು ಮೂರು ಸಲ ಕೂಗುವುದು ಅವರ ಉದ್ಯೋಗವಾಗಿತ್ತು. ಆ ಕಾಲದಲ್ಲಿ ಅವರು ಕೂಗಿದರೆ ಕೋರ್ಟಿನ ಹಿಂದಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದ ಸಾಕ್ಷಿ ಲೋಟ ಕೆಳಗಿಟ್ಟು ಓಡಿ ಬರುತ್ತಿದ್ದನಂತೆ. ತನ್ನ ಹೆಸರಲ್ಲದಿದ್ದರೂ ಓಡಿ ಬಂದವರಿದ್ದರಂತೆ. ಹೋದ ವರ್ಷ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ಧ್ವನಿ ಎಳೆಯಷ್ಟಾಯಿತು. ಡಾಕ್ಟರು ಕುತ್ತಿಗೆಗೆ ನೇತುಹಾಕಿಕೊಳ್ಳುವ ಸಣ್ಣ ಮೈಕೊಂದನ್ನು ತೋರಿಸಿದಾಗ ಮಾವ, "ಕತ್ತಿಗೆ ಗಂಟೆ ಕಟ್ಟಿಸ್ಕೊಳ್ಳೋಕೆ ನಾನೇನು ಹಸುವಾ?" ಎಂದು ಪಿಸುಗುಟ್ಟಿ ಎದ್ದು ಬಂದಿದ್ದರು. ಅವತ್ತಿನಿಂದ ಕಿಟಕಿಯ ಪಕ್ಕದ ಕುರ್ಚಿ, ಕೆಳಗಿನ ಬೀದಿ, ಮೌನ.

ಮಗಳು ಅವರ ತುಟಿಯ ಬಳಿ ಕಿವಿಯಿಟ್ಟು ಕೇಳುತ್ತಿದ್ದಳು. ಮೀಟರಪ್ಪನಿಗೆ ಅದು ಸಂಕೋಚ. ಏನಂದ್ರಿ ಎಂದು ಮತ್ತೆ ಮತ್ತೆ ಕೇಳಿದರೆ ಹಿರಿಯರಿಗೆ ನೋವಾದೀತು ಎಂದು ಅವನು ಬೇರೆ ಏರ್ಪಾಡು ಮಾಡಿಕೊಂಡಿದ್ದ. ಯಾವ ಮಾತಿಗೂ ಹೊಂದಿಕೊಳ್ಳುವ ಉತ್ತರಗಳನ್ನು ಸಿದ್ಧವಾಗಿಟ್ಟಿದ್ದ: "ಹೌದು ಮಾವ," "ಅದಕ್ಕೇನಂತೆ ಮಾವ," "ಆಗಲಿ ಮಾವ." ಮಾವನ ತುಟಿ ನಿಂತ ಕೂಡಲೇ ಇವುಗಳಲ್ಲಿ ಒಂದನ್ನು ಹೊರಬಿಡುತ್ತಿದ್ದ. ಇಷ್ಟು ಗೌರವ ಕೊಡುವ ಅಳಿಯ ಸಿಗುವುದು ಕಷ್ಟ ಎಂದು ಮಾವ ನಂಬಿದ್ದರು.

ಒಂದು ದಿನ ಮೀಟರಪ್ಪ ಬಸ್ಸಿಗೆ ಹೊತ್ತಾಯಿತೆಂದು ಪೆಟ್ಟಿಗೆಯನ್ನು ಆರಿಸದೆ, ಗಿಟಾರನ್ನು ಮಾವನ ಕುರ್ಚಿಗೆ ಒರಗಿಸಿ ಓಡಿದ. ಹೆಂಡತಿಯೂ ಹೊರಟುಹೋಗಿದ್ದಳು. ಮಾವ ಗಿಟಾರನ್ನು ಎತ್ತಿ ಪಕ್ಕಕ್ಕಿಡಲು ಬಗ್ಗಿದವರು ಒಮ್ಮೆ ಕೆಮ್ಮಿದರು. ಇಡೀ ಕೋಣೆ ಕೆಮ್ಮಿತು.

ಇದರಲ್ಲಿ ಪವಾಡವೇನೂ ಇಲ್ಲ. ಗಿಟಾರಿನ ತಂತಿಗಳ ಕೆಳಗೆ ಪಿಕಪ್ ಎಂಬ ಪುಟ್ಟ ಪೆಟ್ಟಿಗೆಗಳಿರುತ್ತವೆ. ಒಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ಒಳ್ಳೆಯ ತಯಾರಕರು ಇದನ್ನು ಕಾದ ಮೇಣದಲ್ಲಿ ಅದ್ದಿ ತೆಗೆಯುತ್ತಾರೆ, ಸುತ್ತುಗಳು ಅಲುಗದಿರಲಿ ಎಂದು. ಅಗ್ಗದವರು ಮೇಣ ಉಳಿಸುತ್ತಾರೆ. ಆಗ ಸಡಿಲವಾಗಿ ಉಳಿದ ಸುತ್ತುಗಳು ಎದುರಿಗೆ ಯಾರಾದರೂ ಮಾತಾಡಿದರೆ ಅದಕ್ಕೂ ಅಲುಗುತ್ತವೆ. ಅಂದರೆ ಆ ಗಿಟಾರಿಗೆ ಕಿವಿಯಿತ್ತು. ಬಲ್ಲವರು ಇದನ್ನು ದೋಷ ಎನ್ನುತ್ತಾರೆ.

ಮಾವ ಸುತ್ತ ನೋಡಿದರು. ಯಾರೂ ಇಲ್ಲ. ತಂತಿಗಳ ಹತ್ತಿರ ಬಾಯಿ ತಂದು, "ಯಾರು?" ಎಂದರು. "ಯಾರು?" ಎಂದಿತು ಪೆಟ್ಟಿಗೆ. ಅದು ಬರೀ ಪಿಸುಮಾತಲ್ಲ. ಸಡಿಲ ತಾಮ್ರ ಅದಕ್ಕೆ ಒರಟುತನ ಕೊಟ್ಟಿತ್ತು, ಆರು ತಂತಿಗಳು ಜೊತೆಗೆ ಝೇಂಕರಿಸಿ ತುಂಬುತನ ಕೊಟ್ಟಿದ್ದವು, ಸ್ಪ್ರಿಂಗು ಅದನ್ನು ಕೋರ್ಟಿನ ಮೊಗಸಾಲೆಯಷ್ಟು ಉದ್ದ ಎಳೆದಿತ್ತು. ಮಾವ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಕಿಟಕಿಯಿಂದ ಕೆಳಗೆ ನೋಡಿದರು. ಬಡಾವಣೆಯ ಸಂಘದ ಕಾರ್ಯದರ್ಶಿಯ ಬಿಳಿ ವ್ಯಾನು ಎಂದಿನಂತೆ ಗೇಟಿಗೆ ಅಡ್ಡಲಾಗಿ ನಿಂತಿತ್ತು.

"ಬಿಳಿ ವ್ಯಾನಿನವರೂ... ಬಿಳಿ ವ್ಯಾನಿನವರೂ... ಬಿಳಿ ವ್ಯಾನಿನವರೂ... ಹಾಜರಾಗ್ಬೇಕೂ!"

ಅರ್ಧ ಮುಖಕ್ಕೆ ಶೇವಿಂಗ್ ನೊರೆ ಮೆತ್ತಿಕೊಂಡಿದ್ದ ಕಾರ್ಯದರ್ಶಿ ಎದುರು ಕಟ್ಟಡದಿಂದ ಓಡಿ ಬಂದರು. ಯಾರು ಕರೆದರು, ಯಾಕೆ ಬಂದೆ ಎಂದು ಯೋಚಿಸುವ ಮೊದಲೇ ವ್ಯಾನು ಸರಿಸಿದ್ದರು. ತಲೆಯೆತ್ತಿ ನೋಡಿದರೆ ಮೂರನೇ ಮಹಡಿಯ ಕಿಟಕಿಯಲ್ಲಿ ದಫೇದಾರರು, ಬಾಯಿಗೆ ಗಿಟಾರ್ ಹಿಡಿದುಕೊಂಡು!

ಮಾವ ಇದನ್ನು ಮುಚ್ಚಿಡುವವರಲ್ಲ. ಅವತ್ತು ರಾತ್ರಿ ಊಟಕ್ಕೆ ಕುಳಿತಾಗ ಅಳಿಯನಿಗೆ ಎಲ್ಲವನ್ನೂ ಹೇಳಿದರು. ಮೇಲೆ ಫ್ಯಾನು ಗರಗರ ಎನ್ನುತ್ತಿತ್ತು. ಹೆಂಡತಿ ಅಡುಗೆಮನೆಯಲ್ಲಿದ್ದಳು.

"ಅದರೊಳಗೆ ನನ್ನ ಧ್ವನಿ ಇದೆ ಅಳಿಯಂದ್ರೇ," ಎಂದರು ಮಾವ.

"ಹೌದು ಮಾವ," ಎಂದ ಮೀಟರಪ್ಪ, ಅನ್ನ ಕಲೆಸುತ್ತ.

"ನೀವು ಆಫೀಸಿಗೆ ಹೋದಾಗ ನಾನು ಸ್ವಲ್ಪ ಉಪಯೋಗಿಸ್ಲಾ? ನಿಮಗೆ ಬೇಜಾರಿಲ್ಲ ತಾನೆ?"

"ಅದಕ್ಕೇನಂತೆ ಮಾವ."

"ಪೆಟ್ಟಿಗೆ ಆರಿಸದೆ ಹೋಗ್ತೀರಾ?"

"ಆಗಲಿ ಮಾವ."

ಮಾವನ ಕಣ್ಣು ತುಂಬಿತು. ಸಾರು ಖಾರವಾಗಿರಬೇಕೆಂದು ಮೀಟರಪ್ಪ ನೀರಿನ ಲೋಟವನ್ನು ಅವರತ್ತ ಸರಿಸಿದ. ಮಾರನೇ ದಿನವೂ ಪೆಟ್ಟಿಗೆ ಆರಿಸುವುದನ್ನು ಮರೆತ. ಆಮೇಲೆ ಅದು ಅಭ್ಯಾಸವೇ ಆಯಿತು. ಆರಿಸಿ ಹೋದ ದಿನಗಳಲ್ಲಿ ಮಾವನೇ ಹಾಕಿಕೊಳ್ಳುವುದನ್ನು ಕಲಿತರು.

ಹೀಗೆ ಬೀದಿಗೊಂದು ನ್ಯಾಯಾಲಯ ಸಿಕ್ಕಿತು. ಕೋರ್ಟಿನ ವೇಳೆಯನ್ನು ಮಾವ ತಪ್ಪುತ್ತಿರಲಿಲ್ಲ. ಅಳಿಯ ಹೋದ ಮೇಲೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಲಾಪ ಆರಂಭಿಸಿ, ಅವನು ಬರುವ ಮೊದಲೇ ಮುಗಿಸುತ್ತಿದ್ದರು. ಭಾನುವಾರ ರಜೆ. ಕೈಚೀಲ ಮರೆತು ಹೊರಟವರು, ಗೇಟು ಹಾಕದೆ ಹೋದವರು, ತಳ್ಳುಗಾಡಿಯನ್ನು ಮುಂದಕ್ಕೆ ಸರಿಸಿದ ತರಕಾರಿಯವನು, ಎಲ್ಲರಿಗೂ ಮೂರು ಸಲ ಕೂಗು. ಬೀದಿಗೆಲ್ಲ ಗೊತ್ತಿದ್ದ ಈ ಸಂಗತಿ ಗೊತ್ತಿಲ್ಲದೆ ಉಳಿದವನು ಗಿಟಾರಿನ ಯಜಮಾನನೊಬ್ಬನೇ. ಅವನಿಗೆ ಗೊತ್ತೇ ಇದೆ, ಅವನ ಒಪ್ಪಿಗೆಯಿಂದಲೇ ನಡೆಯುತ್ತಿದೆ ಎಂದು ಎಲ್ಲರೂ ತಿಳಿದಿದ್ದರು. ಹೆಂಡತಿಯೂ.

"ನಿಮ್ಮಿಂದ ಅಪ್ಪನಿಗೆ ಮತ್ತೆ ಜೀವ ಬಂದಂಗಾಗಿದೆ ರೀ," ಎಂದಳು ಒಂದು ಸಂಜೆ.

ಮೀಟರಪ್ಪ ಆಗ ತನಗೆ ಬರುತ್ತಿದ್ದ ಒಂದೇ ಒಂದು ಸಾಲನ್ನು ನುಡಿಸುತ್ತಿದ್ದ. "ಸಂಗೀತಕ್ಕೆ ಆ ಶಕ್ತಿ ಇದೆ ಕಣೆ," ಎಂದ ವಿನಯದಿಂದ.

ಕೆಳಮನೆಯ ಟೀಚರ್ ಮೆಟ್ಟಿಲ ಮೇಲೆ ಸಿಕ್ಕರು. ನಿವೃತ್ತರು, ಸಂಘದ ಅಧ್ಯಕ್ಷೆ. "ಮೀಟರಪ್ಪನೋರೇ, ನಿಮ್ಮ ಗಿಟಾರ್ ಕೇಳಿದ್ರೆ ಮೈ ಜುಮ್ ಅನ್ನುತ್ತೆ ನೋಡಿ. ಏನು ಗತ್ತು, ಎಷ್ಟು ಸ್ಪಷ್ಟ!"

"ಅಯ್ಯೋ, ಎಲ್ಲಿ ಟೀಚರ್, ಈಗಿನ್ನೂ ಆರಂಭ."

"ಆರಂಭದಲ್ಲೇ ಹೀಗಾದ್ರೆ! ನಾನಂತೂ ಕೈಲಿರೋ ಕೆಲಸ ಬಿಟ್ಟು ಎದ್ದು ನಿಂತ್ಕೊಂಡುಬಿಟ್ಟೆ."

ಎದ್ದು ನಿಂತರಂತೆ! ಆ ಒಂದು ಮಾತು ಮೀಟರಪ್ಪನನ್ನು ಸೀದಾ ಗಿಟಾರ್ ಅಂಗಡಿಗೆ ಕೊಂಡೊಯ್ದಿತು. ತಂತಿ ಬಿಗಿಯುವ ಕೀಲಿಗಳನ್ನು ಬದಲಾಯಿಸಿದ. ತಂತಿಗಳು ಕೂರುವ ಪ್ಲಾಸ್ಟಿಕ್ ಪಟ್ಟಿಯ ಬದಲು ಮೂಳೆಯದನ್ನು ಹಾಕಿಸಿದ. ಪಂಡಿತ ಮೊಬೈಲಿನಲ್ಲಿ ಹುಡುಕಿ ಹುಡುಕಿ ಹೊಸ ಹೊಸ ದೋಷಗಳನ್ನು ಕಂಡುಹಿಡಿದು ಕೊಡುತ್ತಿದ್ದ. "ಒಳಗಿನ ವೈರಿಂಗ್ ನೋಡಿದೀಯಾ ಗುರು? ಬೆಸುಗೆ ನೋಡಿದ್ರೆ ಅಳು ಬರುತ್ತೆ." ಮೀಟರಪ್ಪ ಬಿಚ್ಚಿ ನೋಡಿದ, ನಿಜಕ್ಕೂ ಅಳು ಬಂತು. ವೈರುಗಳನ್ನೆಲ್ಲ ತೆಗೆದು ಹೊಸದಾಗಿ ಬೆಸೆದು, ಒಳಗಿನ ಗೂಡಿಗೆ ತಾಮ್ರದ ಹಾಳೆ ಅಂಟಿಸಿದ. ಗುಂಯ್‌ಗುಡುವ ಸದ್ದು ಹೋಯಿತು.

ಮಾವನಿಗೆ ತಮ್ಮ ಕೂಗು ದಿನದಿಂದ ದಿನಕ್ಕೆ ತಿಳಿಯಾಗುತ್ತಿರುವುದು ಕೇಳಿಸಿತು. ಅಳಿಯ ಸಂಜೆಯೆಲ್ಲ ನೆಲದ ಮೇಲೆ ಕುಳಿತು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಬೆಸುಗೆ ಕಡ್ಡಿಯ ಹೊಗೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಳ್ಳುತ್ತಿರುವುದು ಯಾರಿಗಾಗಿ ಎಂದು ಅವರಿಗೆ ಸಂಶಯವಿರಲಿಲ್ಲ.

"ನನಗೋಸ್ಕರ ಇಷ್ಟೊಂದು ಕಷ್ಟಪಡಬೇಡಿ," ಎಂದರು ಹತ್ತಿರ ಬಂದು.

"ಅದಕ್ಕೇನಂತೆ ಮಾವ," ಎಂದ ಮೀಟರಪ್ಪ, ಬೆಸುಗೆಯಿಂದ ಕಣ್ಣು ತೆಗೆಯದೆ.

ಒಂದು ಸಂಜೆ ಕಾರ್ಯದರ್ಶಿ ಮನೆಗೇ ಬಂದರು. ಕೂರಲಿಲ್ಲ. ಮಾವ ಔಷಧಿ ತರಲು ಮಗಳ ಜೊತೆ ಹೋಗಿದ್ದರು.

"ಏನ್ರೀ ಮೀಟರಪ್ಪನೋರೇ, ನಿಮ್ಮ ಗಿಟಾರಿಗೆ ಹೇಳೋರು ಕೇಳೋರು ಇಲ್ವಾ? ಇಡೀ ಬೀದಿ ಮುಂದೆ ನನ್ನ ಮಾನ ಕಳೀತು!"

ಮೀಟರಪ್ಪ ಗಾಬರಿಯಾದ. "ಕ್ಷಮಿಸಿ ಸಾರ್. ನಾನಿನ್ನೂ ಕಲೀತಾ ಇದ್ದೀನಿ."

"ಕಲೀತಾ ಇರೋವಾಗ್ಲೇ ಹೀಗೆ! ಕಲಿತಮೇಲೆ ನಾವು ಬೀದಿ ಬಿಟ್ಟು ಹೋಗ್ಬೇಕಾ? ಅದೂ ಒಂದ್ಸಲ ಅಲ್ಲ, ಮೂರು ಸಲ!"

"ಅದು... ಅಭ್ಯಾಸಕ್ಕೆ ಸಾರ್. ಒಂದೇ ಸಾಲನ್ನ ಮೂರು ಮೂರು ಸಲ ಮಾಡಿದ್ರೇನೇ ಕೈ ಕೂರೋದು."

"ಯಾವ ಕೈ? ನಾನು ನೊರೆ ಮೆತ್ಕೊಂಡಿದ್ದೋನು ಹಾಗೇ ಓಡಿ ಬಂದೆ!"

ಮೀಟರಪ್ಪನ ಮುಖ ಅರಳಿತು. "ಅಷ್ಟು ಹಿಡಿಸ್ತಾ ಸಾರ್?"

ಕಾರ್ಯದರ್ಶಿ ಅವನನ್ನು ದಿಟ್ಟಿಸಿ ನೋಡಿದರು. ಇಂಥ ನಿರ್ಲಜ್ಜ ಮನುಷ್ಯನನ್ನು ಅವರು ಸಂಘದ ಚುನಾವಣೆಯಲ್ಲೂ ಕಂಡಿರಲಿಲ್ಲ. "ಆ ಕಿರುಚಾಟ ನಿಲ್ಲಬೇಕು, ಅಷ್ಟೆ," ಎಂದು ಮೆಟ್ಟಿಲಿಳಿದು ಹೋದರು.

ಕಿರುಚಾಟ ಎಂಬ ಮಾತು ಮೀಟರಪ್ಪನಿಗೆ ತಟ್ಟಿತು. ಏಕೆಂದರೆ ಗಿಟಾರ್ ನಿಜಕ್ಕೂ ಕಿರುಚುತ್ತಿತ್ತು. ಸದ್ದು ಸ್ವಲ್ಪ ಏರಿಸಿ ಪೆಟ್ಟಿಗೆಯ ಹತ್ತಿರ ಹೋದರೆ ಕೀ ಎಂದು ಸೀಳುವ ಸದ್ದು. ಎಲ್ಲವನ್ನೂ ಸರಿಪಡಿಸಿದ ಮೇಲೂ ಅದೊಂದು ಉಳಿದಿತ್ತು. ಮೇಣವಿಲ್ಲದ ಪಿಕಪ್ಪುಗಳು ಪೆಟ್ಟಿಗೆಯಿಂದ ಬಂದ ಸದ್ದನ್ನೇ ಮತ್ತೆ ಕೇಳಿಸಿಕೊಂಡು ಮತ್ತೆ ಪೆಟ್ಟಿಗೆಗೇ ಕಳಿಸುತ್ತಿದ್ದವು. ಮಾವನ ಧ್ವನಿಯನ್ನು ಹಿಡಿಯುತ್ತಿದ್ದದ್ದೂ ಆ ಕಿವಿಯೇ. ಒಂದೇ ಕಿವಿಗೆ ಎರಡು ಕೆಲಸ.

ಮಾರನೇ ದಿನ ಟೀಚರ್ ಮೇಲೆ ಬಂದರು. "ಬರೋ ಭಾನುವಾರ ಸಂಘದ ವಾರ್ಷಿಕ ಸಭೆ. ಕಾರ್ಯದರ್ಶಿಗೆ ಇಷ್ಟ ಇಲ್ಲ. ಆದ್ರೂ ನಾವೆಲ್ಲ ಸೇರಿ ತೀರ್ಮಾನ ಮಾಡಿದೀವಿ. ಸಭೆ ನಿಮ್ಮ ಗಿಟಾರಿಂದಲೇ ಶುರುವಾಗ್ಬೇಕು."

"ನನ್ನದಾ?"

"ಮತ್ಯಾರದು? ಮನೆ ಮನೆಯವರೂ ಬರ್ತಾರೆ. ನಿಮ್ಮ ಮಾವನವರಿಗೂ ಹೇಳಿದೆ. ಅವರ ಖುಷಿ ನೋಡ್ಬೇಕಿತ್ತು!"

ಟೀಚರ್ ಹೇಳಬೇಕಾದ ಒಂದು ವಾಕ್ಯ ಬಿಟ್ಟರು. ಸಭೆಯ ಆರಂಭಕ್ಕೆ ಮನೆ ಮನೆಯ ಹಾಜರಿ ಕೂಗಬೇಕಾದವರು ದಫೇದಾರರು ಎಂಬುದು ಆ ವಾಕ್ಯ. ಎಲ್ಲರಿಗೂ ಗೊತ್ತಿರುವುದನ್ನು ಯಾರು ಬಾಯಿಬಿಟ್ಟು ಹೇಳುತ್ತಾರೆ? ಮಾವ ಅಂದು ರಾತ್ರಿ ಅದನ್ನೂ ಹೇಳಿದರು. ಆಪರೇಷನ್ ಆದಮೇಲೆ ತುಂಬಿದ ಸಭೆಯೆದುರು ನಿಂತೇ ಇಲ್ಲ, ಆದರೂ ಒಮ್ಮೆ ಕೂಗಿಬಿಡಬೇಕೆಂದು ಆಸೆ, ಸತ್ತರೂ ಚಿಂತೆಯಿಲ್ಲ ಎಂದರು. "ಆಗಲಿ ಮಾವ," ಎಂದ ಮೀಟರಪ್ಪ.

ತುಂಬಿದ ಸಭೆಯಲ್ಲಿ ಗಿಟಾರ್ ಕಿರುಚಿದರೆ ಏನು ಗತಿ ಎಂಬ ಚಿಂತೆಯಲ್ಲಿ ಅವನಿದ್ದ. ಅಂಗಡಿಗೆ ಓಡಿದ.

"ಕಿರುಚೋದಾ? ಪಿಕಪ್ ಬಿಚ್ಚಿ ಮೇಣದಲ್ಲಿ ಅದ್ದಿ ಕೊಡ್ತೀನಿ ಸಾರ್. ಆಮೇಲೆ ನೀವು ಎದುರಿಗೆ ಪಟಾಕಿ ಹೊಡೆದ್ರೂ ಅದಕ್ಕೆ ಕೇಳಿಸಲ್ಲ," ಎಂದ ಅಂಗಡಿಯವನು.

"ಪೂರ್ತಿ ನಿಲ್ಲುತ್ತಾ?"

"ತಂತಿ ಮೀಟಿದ್ದು ಬಿಟ್ರೆ ಬೇರೇನೂ ಬರಲ್ಲ. ಗ್ಯಾರಂಟಿ."

ಗಿಟಾರ್ ಚೀಲ ಹೆಗಲಿಗೇರಿಸಿ ಹೊರಟಾಗ ಹೆಂಡತಿ ಬಾಗಿಲಲ್ಲಿ ತಡೆದಿದ್ದಳು. "ಸಭೆ ಹೊತ್ತಿಗೆ ವಾಪಸ್ ಬರುತ್ತೆ ತಾನೆ? ಅಪ್ಪ ಇದನ್ನೇ ನೆಚ್ಕೊಂಡು ಕೂತಿದ್ದಾರೆ."

"ಬರುತ್ತೆ. ಕೀ ಅನ್ನೋದೊಂದು ತೆಗೆಸಿಬಿಡ್ತೀನಿ."

"ಅಯ್ಯೋ ತೆಗೆಸಿ ಪುಣ್ಯ ಕಟ್ಕೊಳ್ಳಿ. ಅದು ಬಂದ್ರೆ ಅಪ್ಪ ಬೆಚ್ಚಿಬೀಳ್ತಾರೆ."

ಶನಿವಾರ ಸಂಜೆ ಗಿಟಾರ್ ಮರಳಿ ಬಂತು. ಮೀಟರಪ್ಪ ಸದ್ದನ್ನು ತುದಿಯವರೆಗೆ ಏರಿಸಿ, ಗಿಟಾರನ್ನು ಪೆಟ್ಟಿಗೆಗೆ ಮುಟ್ಟಿಸಿ ನಿಂತ. ಸದ್ದಿಲ್ಲ. ಎಂಥ ಶುದ್ಧ ಮೌನ! ತಂತಿ ಮೀಟಿದ, ಹನಿ ಬಿದ್ದಂತೆ ಸ್ವರ. ಮುದ್ರೆ ಒತ್ತುವ ಇಕ್ಕಳ ಕೈಯಲ್ಲಿದ್ದಿದ್ದರೆ ಅಲ್ಲೇ ಒತ್ತಿಬಿಡುತ್ತಿದ್ದ. ಮಾವ ದೂರದ ಕುರ್ಚಿಯಿಂದ ತಲೆದೂಗಿದರು. ಪರೀಕ್ಷಿಸಲಿಲ್ಲ. ಮಾರನೇ ದಿನಕ್ಕಾಗಿ ಗಂಟಲು ಉಳಿಸಿಕೊಂಡಿದ್ದರು. ಬಿಸಿನೀರು ಕುಡಿದು ಬೇಗ ಮಲಗಿದರು.

ಭಾನುವಾರ ಬೆಳಿಗ್ಗೆ ಕೋಣೆಯಿಂದ ಹೊರಬಂದ ಮಾವನನ್ನು ಕಂಡು ಮೀಟರಪ್ಪ ದಂಗಾದ. ಬಿಳಿ ಕೋಟು, ಎದೆಗೆ ಅಡ್ಡಲಾಗಿ ಕೆಂಪು ಪಟ್ಟಿ, ಹಿತ್ತಾಳೆಯ ಬಿಲ್ಲೆ. ನಿವೃತ್ತಿಯ ದಿನ ಕಳಚಿಟ್ಟ ಉಡುಪು. ತನ್ನ ಒಂದು ಸಾಲಿನ ಕಛೇರಿಗೆ ಮಾವ ಇಷ್ಟು ಮರ್ಯಾದೆ ಕೊಟ್ಟರಲ್ಲ ಎಂದು ಅವನು ಹಿಗ್ಗಿದ. ಮಾವನೂ ಅವನನ್ನೇ ನೋಡಿದರು. ಅಳಿಯ ಹೊಸ ಅಂಗಿ ತೊಟ್ಟಿದ್ದಾನೆ, ನನಗಾಗಿ. ಇಬ್ಬರೂ ಪರಸ್ಪರ ಕೃತಜ್ಞತೆಯಿಂದ ಮೆಟ್ಟಿಲಿಳಿದರು.

ಕಟ್ಟಡದ ಕೆಳಗೆ ವಾಹನ ನಿಲ್ಲಿಸುವ ಜಾಗದಲ್ಲಿ ಕುರ್ಚಿಗಳು ತುಂಬಿದ್ದವು. ಟೀಚರ್ ಎದ್ದು, "ಮೊದಲಿಗೆ ಹಾಜರಿ," ಎಂದರು. ಮೀಟರಪ್ಪ ಗಿಟಾರ್ ತಗಲಿಸಿಕೊಂಡು ಮುಂದೆ ಬಂದ.

"ನಾನು ದೊಡ್ಡ ಕಲಾವಿದನೇನಲ್ಲ," ಎಂದು ಆರಂಭಿಸಿ, ತನ್ನ ಸಾಲನ್ನು ನುಡಿಸಿದ. ಒಮ್ಮೆ ತಪ್ಪಿತು, ಎರಡನೇ ಸಲ ಸರಿಯಾಯಿತು, ಮೂರನೇ ಸಲ ಕಣ್ಣುಮುಚ್ಚಿ ನುಡಿಸಿದ. ಕಣ್ಣು ತೆರೆದಾಗ ಜನ ಸಹನೆಯಿಂದ ಕುಳಿತಿದ್ದರು. ಚಪ್ಪಾಳೆ ಇಲ್ಲ.

"ಚೆಕ್ ಮಾಡಿದ್ದಾಯ್ತಲ್ಲ?" ಎಂದರು ಕಾರ್ಯದರ್ಶಿ. "ಇನ್ನು ದಫೇದಾರ್ರಿಗೆ ಕೊಡಿ."

"ಯಾರಿಗೆ?" ಎಂದ ಮೀಟರಪ್ಪ.

ಅಷ್ಟರಲ್ಲಿ ಮಾವ ಬಂದು ಗಿಟಾರನ್ನು ಅವನ ಹೆಗಲಿನಿಂದ ಮೆಲ್ಲಗೆ ಬಿಡಿಸಿಕೊಂಡಿದ್ದರು. ಅಡ್ಡ ಹಿಡಿದರು. ತಂತಿಗಳ ಮೇಲೆ ಬಾಯಿ ತಂದರು. ಜನ ನೆಟ್ಟಗೆ ಕುಳಿತರು; ಹಿಂದಿನ ಸಾಲಿನಲ್ಲೊಬ್ಬರು ಆಗಲೇ ಎದ್ದು ನಿಂತರು. ಮಾವನ ಎದೆ ಉಬ್ಬಿತು, ಕತ್ತಿನ ನರ ಸೆಟೆಯಿತು, ತುಟಿ ತೆರೆಯಿತು.

ಏನೂ ಬರಲಿಲ್ಲ.

ಮಾವ ಗುಂಡಿ ತಿರುಗಿಸಿದರು. ಮತ್ತೆ ಕೂಗಿದರು. ಬೆರಳಿನಿಂದ ತಂತಿ ತಟ್ಟಿದರು. ಟಂಯ್ ಎಂದು ಶುದ್ಧವಾದ, ನಿರ್ದೋಷವಾದ ಸ್ವರ ಬಂತು. ಮತ್ತೆ ಬಾಯಿ ತಂದರು. ಮುಂದಿನ ಸಾಲಿನವರಿಗೂ ಅವರ ಉಸಿರು ಮಾತ್ರ ಕೇಳಿಸಿತು. ಅವರು ಅಳಿಯನ ಕಡೆ ತಿರುಗಿದರು. ಮುಖದಲ್ಲಿ ಗಾಬರಿಯಿಲ್ಲ, ಕೆಟ್ಟದ್ದನ್ನು ಸರಿಮಾಡುವವನು ಪಕ್ಕದಲ್ಲೇ ಇದ್ದಾನೆಂಬ ಭರವಸೆ. ಏನೋ ಹೇಳಿದರು.

"ಹೌದು ಮಾವ," ಎಂದ ಮೀಟರಪ್ಪ.

"ಹೌದು ಅಂದ್ರೇನ್ರೀ?" ಎಂದರು ಪಕ್ಕದಲ್ಲೇ ನಿಂತಿದ್ದ ಟೀಚರ್. "ಸರಿಮಾಡಿ ಕೊಡಿ ಅಂತಿದ್ದಾರೆ."

"ಏನನ್ನ?"

"ಅವರ ಧ್ವನೀನ!"

ಹೆಂಡತಿ ಎದ್ದು ಬಂದಳು. "ರೀ, ಅಂಗಡೀಲಿ ಏನು ಮಾಡಿಸಿದ್ರಿ?"

"ಮೇಣ... ಮೇಣ ಹಾಕಿಸ್ದೆ. ಕಿರುಚಬಾರದು ಅಂತ." ಹೇಳುತ್ತ ಹೇಳುತ್ತ ಅವನ ಧ್ವನಿಯೂ ಎಳೆಯಾಯಿತು. ಟೀಚರ್ ಎದ್ದು ನಿಂತದ್ದು, ಕಾರ್ಯದರ್ಶಿಯ ನೊರೆ, ಮೂರು ಸಲ, ಸಂಜೆ ಮಾವನ ಮೈಮೇಲೆ ಕಾಣುತ್ತಿದ್ದ ಇಸ್ತ್ರಿ ಅಂಗಿ, ಅನ್ನ ಕಲೆಸುವಾಗ ತುಂಬಿದ ಕಣ್ಣು. ಎಲ್ಲ ಮೀಟರುಗಳೂ ಒಮ್ಮೆಲೇ ತಿರುಗತೊಡಗಿದಂತಾಯಿತು. ಕುರ್ಚಿಗಳಲ್ಲಿ ಗುಸುಗುಸು ಎದ್ದಿತು. "ಮಾವನ ಬಾಯಿ ಮುಚ್ಚಿಸೋಕೆ ಮೇಣ ಹಾಕ್ಸಿದ್ನಂತೆ," ಎಂದು ಮುಂದಿನ ಸಾಲಿನಲ್ಲಿ ಹುಟ್ಟಿದ ಸುದ್ದಿ ಕೊನೆಯ ಸಾಲು ಮುಟ್ಟುವ ಹೊತ್ತಿಗೆ ಮೇಣ ಮಾವನ ಗಂಟಲಿಗೇ ಇಳಿದಿತ್ತು.

ಆಗ ಮುಂದೆ ಬಂದವರು ಕಾರ್ಯದರ್ಶಿ. ಭಾಷಣಕ್ಕೆಂದು ತರಿಸಿಟ್ಟಿದ್ದ ಮೈಕನ್ನು ಕೈಯಲ್ಲಿ ಹಿಡಿದುಕೊಂಡು, "ದಫೇದಾರ್ರೇ, ಇದರಲ್ಲಿ ಕೂಗಿ. ನನ್ನ ಮನೆಯಿಂದಲೇ ಶುರುಮಾಡಿ, ಪರವಾಗಿಲ್ಲ," ಎಂದರು. ಮಾವ ಇಸಿದುಕೊಂಡರು. ಒಂದು ಮನೆಯ ಸಂಖ್ಯೆ ಕೂಗಿದರು. ಮೈಕು ಪ್ರಾಮಾಣಿಕ ಯಂತ್ರ, ಇದ್ದುದನ್ನಷ್ಟೇ ಹೇಳಿತು: ಕಾಯಿಲೆಯ ಮುದುಕರೊಬ್ಬರ ಪಿಸುಮಾತು, ಇಡೀ ಸಭೆಗೆ ಕೇಳುವಷ್ಟು ದೊಡ್ಡದಾಗಿ. ಮಾವ ಅಲ್ಲಿಗೇ ನಿಲ್ಲಿಸಿದರು. ಬಗ್ಗಿ ನಮಸ್ಕರಿಸಿ ಮೈಕನ್ನು ಹಿಂದಿರುಗಿಸಿದರು.

ಹಾಜರಿಯನ್ನು ಕಾರ್ಯದರ್ಶಿಯೇ ಓದಿದರು, ಮನೆಗೊಂದು ಸಲ, ಬೇಗ ಬೇಗ. ಅದು ಮುಗಿಯುವ ತನಕ ಮಾವ ಪಕ್ಕದಲ್ಲಿ ನೆಟ್ಟಗೆ ನಿಂತಿದ್ದರು, ಬಾಗಿಲಲ್ಲಿ ನಿಂತು ಅಭ್ಯಾಸವಾದವರು.

ಸೋಮವಾರ ಮೀಟರಪ್ಪ ಕಚೇರಿಗೆ ಹೋಗಲಿಲ್ಲ. ಅಂಗಡಿಯ ಬಾಗಿಲು ತೆರೆಯುವ ಮೊದಲೇ ಅಲ್ಲಿ ನಿಂತಿದ್ದ.

"ಮೇಣ ತೆಗೀಬೇಕು."

ಅಂಗಡಿಯವನು ನಕ್ಕ. "ಸುತ್ತಿನ ಸಂದಿಗೆಲ್ಲ ಇಳಿದಿದೆ ಸಾರ್. ಕರಗಿಸೋಕೆ ಹೋದ್ರೆ ತಂತಿ ಕಿತ್ತು ಬರುತ್ತೆ."

"ಹಾಗಾದ್ರೆ ಇದೇ ಮಾದರೀದು ಇನ್ನೊಂದು ಕೊಡಿ. ಸರಿಮಾಡದೇ ಇರೋದು."

"ಹೊಸ ಸ್ಟಾಕ್ ಬಂದಿದೆ. ಖುಷಿ ಸುದ್ದಿ ಸಾರ್: ಈಗ ಕಂಪನಿಯವರೇ ಮೇಣ ಹಾಕಿ ಕಳಿಸ್ತಿದ್ದಾರೆ. ತುಂಬಾ ದೂರು ಬಂದಿತ್ತಂತೆ."

ಆಮೇಲಿನ ದಿನಗಳಲ್ಲಿ ಮೀಟರಪ್ಪ ಹಳೇ ಸಾಮಾನಿನ ಅಂಗಡಿಗಳನ್ನೂ ವಾದ್ಯ ರಿಪೇರಿಯವರನ್ನೂ ಹುಡುಕಿಕೊಂಡು ಅಲೆದ. ಧೂಳು ಹಿಡಿದ ಗಿಟಾರುಗಳನ್ನು ಪೆಟ್ಟಿಗೆಗೆ ಸೇರಿಸಿ, ತಂತಿಗೆ ಬಾಯಿಟ್ಟು, "ಹಾಜರ್, ಹಾಜರ್," ಎನ್ನುತ್ತಿದ್ದ. ಒಳ್ಳೆಯವು ಸುಮ್ಮನಿದ್ದವು. ಕೆಟ್ಟವುಗಳಲ್ಲಿ ಕೆಲವು ಉತ್ತರ ಕೊಟ್ಟವು, ಆದರೆ ಡಬ್ಬದೊಳಗಿನ ನೊಣದ ಹಾಗೆ. ಅಂಗಡಿಯವರು ಪರಸ್ಪರ ಫೋನು ಮಾಡಿ, ಗಿಟಾರಿನ ಜೊತೆ ಮಾತಾಡುವವನೊಬ್ಬ ಬರುತ್ತಾನೆ, ಬೈಯಬೇಡಿ, ಪಾಪದವನು ಎಂದು ಹೇಳಿಕೊಳ್ಳತೊಡಗಿದರು. ಪಂಡಿತ ಮೊಬೈಲು ನೋಡಿ, "ಇಂಥ ದೋಷವನ್ನ ಬೇಕು ಅಂತ ಮಾಡೋದು ಹೇಗೆ ಅಂತ ಎಲ್ಲೂ ಇಲ್ಲ ಗುರು," ಎಂದ. ಅವನಿಗೆ ಗೊತ್ತಿಲ್ಲದ ವಿಷಯವೊಂದು ಮೊದಲ ಸಲ ಸಿಕ್ಕಿತ್ತು.

ಮನೆಯಲ್ಲಿ ಯಾರೂ ಅವನನ್ನು ಬೈಯಲಿಲ್ಲ. ಅದೇ ಕಷ್ಟವಾಗಿತ್ತು. ಮಾವ ಕೋಟನ್ನು ಮಡಿಸಿ ಒಳಗಿಟ್ಟರು. ಇಸ್ತ್ರಿ ಮಾಡಿಸಲು ಅಂಗಿ ಕೊಡುವುದನ್ನು ಬಿಟ್ಟರು. ಗಿಟಾರ್ ಗೋಡೆಗೆ ಒರಗಿ ನಿಂತಿತ್ತು, ಎಳ್ಳಷ್ಟೂ ದೋಷವಿಲ್ಲದೆ.

ರಜೆ ಹಾಕಿದ್ದ ಒಂದು ದಿನ ಮಧ್ಯಾಹ್ನ ಮೀಟರಪ್ಪ ನೋಡಿದ: ಎದುರು ಮನೆಯ ಮಹಡಿಯ ಮೇಲಿನ ನೀರಿನ ಟ್ಯಾಂಕು ತುಂಬಿ ಗೋಡೆಯ ಮೇಲೆ ಹರಿಯುತ್ತಿದೆ. ಮಾವ ಕಿಟಕಿಯಲ್ಲಿ ನಿಂತು ಅತ್ತಲೇ ನೋಡುತ್ತಿದ್ದಾರೆ. ಅವರ ತುಟಿ ಅಲುಗುತ್ತಿತ್ತು.

ಅವನು ಫ್ಯಾನು ಆರಿಸಿ ಹತ್ತಿರ ಹೋದ. ಅವರ ಬಾಯಿಗೆ ಕಿವಿ ಕೊಟ್ಟ. "ಏನಂತ ಕೂಗ್ಬೇಕು ಮಾವ? ಹೇಳಿ, ನಾನು ಕೂಗ್ತೀನಿ."

ಮಾವ ಅವನನ್ನೊಮ್ಮೆ ನೋಡಿ, ಎದುರು ಮನೆಯತ್ತ ಕೈತೋರಿಸಿದರು. ಮೀಟರಪ್ಪ ಉಸಿರು ತುಂಬಿಕೊಂಡ. "ಎದುರು ಮನೆಯವರೇ!" ಅದು ಸಾಲ ಕೇಳುವವನ ಕರೆಯಂತಿತ್ತು. ಮಾವ ಅವನ ಬೆನ್ನನ್ನು ನೆಟ್ಟಗೆ ಮಾಡಿ, ಗದ್ದ ಮೇಲೆತ್ತಿ ನಿಲ್ಲಿಸಿದರು. ಮತ್ತೆ ಕೂಗಿದ, ಧ್ವನಿ ಮಧ್ಯದಲ್ಲಿ ಒಡೆಯಿತು. ಮಾವ ಅವನ ಹೊಟ್ಟೆಯ ಮೇಲೆ ಅಂಗೈಯಿಟ್ಟು ಒತ್ತಿದರು. ಮೂರನೆಯ ಸಲ ಇದ್ದ ಶಕ್ತಿಯನ್ನೆಲ್ಲ ಸೇರಿಸಿ ಕೂಗಿದ. ಬೀದಿಯಲ್ಲಿ ಮಲಗಿದ್ದ ನಾಯಿ ಒಮ್ಮೆ ತಲೆಯೆತ್ತಿ ಮತ್ತೆ ಮಲಗಿತು. ಎದುರು ಮನೆಯ ಪರದೆ ಸರಿಯಿತು. ಒಂದು ಕೈ ಬಂದು, ಸದ್ದಿಗೆ ಬೇಸರಗೊಂಡು ಕಿಟಕಿ ಮುಚ್ಚಿಕೊಂಡಿತು.

ನೀರು ಹರಿಯುತ್ತಲೇ ಇತ್ತು. ಮಾವ ಏನೋ ಹೇಳಿದರು. ಮೀಟರಪ್ಪ ಮತ್ತೆ ಕಿವಿ ಕೊಟ್ಟ.

"ಚೆನ್ನಾಗಿ ಕೂಗಿದ್ರಿ ಅಳಿಯಂದ್ರೇ."

ಆಪರೇಷನ್ ಆದ ಮೇಲೆ ಮಾವನ ಮಾತೊಂದು ಅಕ್ಷರ ಬಿಡದೆ ಅವನ ಕಿವಿಗೆ ಬಿದ್ದದ್ದು ಅದೇ ಮೊದಲು. ಅದು ಸುಳ್ಳು ಎಂಬುದೂ ಅಷ್ಟೇ ಸ್ಪಷ್ಟವಾಗಿ ಕೇಳಿಸಿತು.